ಒಲಿಗೆ ರೇನ್‌ಕೋಟು

ನಮ್ಮ ಕಾಕಾಗ ತಲಿ ಕೆಟ್ಟೈತಿ ಅಂತ ಬೈಲಹೊಂಗಲದಾಗ ಅರ್ಧ ಮಂದಿ ಅಂತಾರ. ಉಳಿದ ಅರ್ಧ ಮಂದಿ ಇನ್ನೂ ಅವನ ಹಿತ್ತಲ ನೋಡಿಲ್ಲ, ಅಷ್ಟ!

ಹಿತ್ತಲದಾಗ ಏನೈತಿ ಅಂದ್ರ, ಒಂದು ಅಡಗಿಮನಿ ಐತಿ. ಅಡಗಿಮನಿ ಅನ್ನೂದು ಕಾಕಾನ ಮಾತು. ನಮ್ಮ ಕಣ್ಣಿಗೆ ಕಾಣೂದು ನಾಕು ಬಿದಿರಿನ ಗಳ, ಮ್ಯಾಲ ಮೂರು ತಗಡು, ಕೆಳಗ ಒಂದು ಮಣ್ಣಿನ ಒಲಿ. ತಗಡು ಹಾರಬಾರದು ಅಂತ ಹಳೇ ಟ್ಯೂಬ್ ಸೀಳಿ ಕಟ್ಯಾನ. ಗಾಳಿ ಬರೂ ಕಡೆ, ಗುಜರಿಯಿಂದ ತಂದ ಬಸ್ಸಿನ ಮುಂದಿನ ಗ್ಲಾಸ್ ನಿಲ್ಲಿಸ್ಯಾನ. ಮೂವತ್ತು ವರ್ಷ ಸವದತ್ತಿ, ರಾಮದುರ್ಗ ಅಂತ ಸರ್ಕಾರಿ ಬಸ್ಸು ಓಡಿಸಿದ ಮನಷ್ಯಾ ನೋಡ್ರಿ, ರಿಟೈರ್ ಆದ್ರೂ ಬಸ್ಸಿನಿಂದ ಇಳದಿಲ್ಲ. ಮುಂಜಾನೆ ಬೆಂಕಿ ಹತ್ತಿದ್ರ “ಗಾಡಿ ಚಾಲೂ ಆತು” ಅಂತಾನ. ಹಸಿ ಕಟಗಿ ಹೊಗಿ ಬಿಟ್ರ “ಡೀಸೆಲ್‌ದಾಗ ನೀರ ಕೂಡ್ಯಾವ” ಅಂತಾನ.

ಮನಿಯಾಗ ಗ್ಯಾಸ್ ಇಲ್ಲೇನು ಅಂತ ಕೇಳಬ್ಯಾಡ್ರಿ. ಐತಿ. ಎರಡೆರಡು ಸಿಲಿಂಡರ್ ಅದಾವ. ಆದ್ರ ಹೋದ ವರ್ಷ ನಮ್ಮ ಚಿಗವ್ವಗ, ಅಂದ್ರ ಕಾಕಾನ ಹೆಂಡತಿಗೆ, ಲಕ್ವಾ ಹೊಡೀತು. ಬಲಗೈ ಬಲಗಾಲು ಬಿದ್ದು ಹೋದುವು, ಮಾತು ತೊದಲ ಆತು. ಎಲ್ಲಾಕ್ಕಿಂತ ಕೆಟ್ಟದ್ದಂದ್ರ ಅಕಿ ಊಟಾನ ಬಿಟ್ಟಳು. ಗಂಜಿ ಕೊಟ್ರ ಮಾರಿ ತಿರುವಿದಳು, ಅನ್ನ ಕೊಟ್ರ ಬಾಯಿ ಬಿಗಿ ಹಿಡಿದಳು. “ಹೊಟ್ಟಿಗೆ ಏನೂ ಹೋಗದಿದ್ರ ಔಷಧ ತೊಗೊಂಡು ನಾ ಏನ ಮಾಡ್ಲಿ” ಅಂತ ಡಾಕ್ಟರೂ ಕೈ ಚೆಲ್ಲಿದ್ರು. ಅಂಥಾದ್ರಾಗ ಒಂದಿನ ಬಾಜೂ ಮನಿಯವರು ಒಲಿ ಮ್ಯಾಲ ಬೇಯಿಸಿದ ಜ್ವಾಳದ ರೊಟ್ಟಿ ತಂದುಕೊಟ್ರ, ಅರ್ಧ ರೊಟ್ಟಿ ತಿಂದಳು. ಮರುದಿನ ಅವರ ಗ್ಯಾಸಿನ ಮ್ಯಾಲ ಬೇಯಿಸಿ ಕೊಟ್ರ ಮುಟ್ಟಲಿಲ್ಲ. ಕಾಕಾ ಅವತ್ತ ಸಂಜೀಕ ಹಿತ್ತಲದಾಗ ಒಲಿ ಹೂಡಿದ. ಒಳಗ ಹೂಡಿದ್ರ ಅಕಿ ಎದಿಗೆ ಹೊಗಿ ಆಗೂದಿಲ್ಲ. ಒಲಿ ಹತ್ತಿದ್ರ ಚಿಗವ್ವನ ಊಟ, ಆರಿದ್ರ ಉಪಾಸ. ವ್ಯವಹಾರ ಇಷ್ಟ.

ತೊಂದರಿ ಏನಂದ್ರ, ಕಾಕಾಗ ರೊಟ್ಟಿ ಬಡಿಯಾಕ ಬರತಿರಲಿಲ್ಲ! ಮೊದಲನೇ ದಿನದ ರೊಟ್ಟಿಗೆ ನಾಕು ಮೂಲಿ, ಮೂರು ತೂತು ಇದ್ದುವು. ಚಿಗವ್ವನ ಹೊರಸು ಹಿತ್ತಲದ ಕಿಡಕಿಗೆ ಹತ್ತಿ ಐತಿ. ಆಕಿ ಆ ರೊಟ್ಟಿ ನೋಡಿ, ನಾಲಿಗಿ ಹೊರಳದಿದ್ರೂ ಒಂದೊಂದ ಅಕ್ಷರ ಕೂಡಿಸಿ ಅಂದಳು, “ಇದು ರೊಟ್ಟಿ ಏನ್ರಿ? ಹರದ ಬನೀನ ಇದ್ದಂಗೈತಿ.”

ಗಂಡಗ ಬೈಯೂವಾಗೂ “ರೀ” ಬಿಡದಾಕಿ ನಮ್ಮ ಚಿಗವ್ವ. ಕಾಕಾಗ ಸಿಟ್ಟು ಬರಬೇಕಿತ್ತು, ಹೌದಲ್ರಿ? ಅಂವ ಹಿಟ್ಟಿನ ಕೈಲೇ ನನಗ ಫೋನ್ ಮಾಡಿದ. “ತಮ್ಮಾ, ಲಕ್ವಾ ಹೊಡದ ಮ್ಯಾಲ ಮೊದಲ ಸಲ ನಿಮ್ಮ ಚಿಗವ್ವ ಪೂರಾ ಬೈದಳ್ಲೇ. ಅರ್ಧಾ ದಾರ್ಯಾಗ ನಿಂದರಲಿಲ್ಲ.”

ಹಂಗ ಸುರು ಆತು ನೋಡ್ರಿ. ಬ್ಯಾಸಗಿ ಬಂತು. ಮ್ಯಾಲ ತಗಡು ಕಾದು ಸುಡಾಕ ಹತ್ತಿತು, ಕೆಳಗ ಒಲಿ. ಕಾಕಾ ತಗಡಿನ ಮ್ಯಾಲ ಗೋಣಿಚೀಲ ಹಾಸಿ ದಿನಾ ನೀರ ಹೊಡಿಯಾಕ ಹತ್ತಿದ. ತಂಪು ಆತು ಖರೇ. ಆ ತಂಪಿಗೆ ಬಾಜೂ ಮನಿ ಎಮ್ಮಿ ಹಗ್ಗ ಹರಕೊಂಡು ಬಂದು ಒಲಿ ಹಿಂದ ಮಲಗಿತು. ಎಬ್ಬಿಸು ಅಂದ್ರ ಕಾಕಾ ಒಪ್ಪಲಿಲ್ಲ. “ಸೀಟ್ ಹಿಡದು ಕುಂತ ಪ್ಯಾಸೆಂಜರ್‌ನ ನಾ ಯಾವತ್ತೂ ಎಬ್ಬಿಸಿಲ್ಲ” ಅಂದ. ಬ್ಯಾಸಗಿ ಮುಗಿಯೂತನಕ ಎಮ್ಮಿ ಬಾಲದಿಂದ ಮಾರಿ ಒರಸಿಸಿಕೋಂತ ರೊಟ್ಟಿ ಬಡಿದ. ಕಿಡಕಿಯಿಂದ ಚಿಗವ್ವ, “ಹೆಂಡಿ ಬಿದ್ದೀತ್ರಿ ಹಿಟ್ಟಿನಾಗ” ಅಂತ ಕಾವಲ ಕಾಯತಿದ್ದಳು.

ಆಷಾಢದ ಗಾಳಿಗೆ ಟ್ಯೂಬ್ ಹರೀತು. ಒಂದು ತಗಡು ಎದ್ದದ್ದ ತಡ, ಕಂಪೌಂಡ್ ದಾಟಿ ಬಾಜೂ ಹಿತ್ತಲಕ್ಕ ಹೋತು. ಪುಣ್ಯಾಕ ಅಲ್ಲಿ ಯಾರೂ ಇರಲಿಲ್ಲ, ಎಮ್ಮೀನೂ ಇರಲಿಲ್ಲ. ಬಾಜೂ ಮನಿಯವರು ಗ್ವಾಡಿ ಮ್ಯಾಲ ಹಣಿಕಿ, “ಕಾಕಾರ, ನಿಮ್ಮ ತಗಡು ನಮ್ಮಲ್ಲಿ ಬಂದೈತ್ರಿ” ಅಂದ್ರು. ಕಾಕಾ ರೊಟ್ಟಿ ತಿರುವಿಕೋಂತನ, “ಇರ್ಲಿ ಬಿಡ್ರಿ, ಗಾಳಿ ತಿರುಗಿದ್ರ ಹೊಳ್ಳಿ ಬರತೈತಿ” ಅಂದ.

ಆಮ್ಯಾಲ ಮಳಿ. ನಾ ಕಿತ್ತೂರಿನ ಸಾಲಿಯಾಗ ಮಾಸ್ತರ. ಐತವಾರ ಬಸ್ ಹತ್ತಿ ಬಂದು ನೋಡತೇನಿ, ಹಿತ್ತಲದಾಗ ಒಲಿ ರೇನ್‌ಕೋಟ್ ಹಾಕ್ಕೊಂಡು ಕುಂತೈತಿ! ಗುಂಡಿ ಸುದ್ದಾ ಹಾಕ್ಯಾನ. ಬಾಜೂಕ ಕಾಕಾ ತಲಿಯಿಂದ ಕಾಲತನಕ ತೊಯ್ದು ತಪ್ಪಡಿಯಾಗಿ ನಿಂತಾನ.

“ಕಾಕಾ, ರೇನ್‌ಕೋಟ್ ಮನಷ್ಯಾರು ಹಾಕ್ಕೊಳ್ಳೂದು” ಅಂದೆ.

“ನಾ ತೊಯ್ದ್ರ ಒರಸ್ಕೋತೇನಿ. ಒಲಿ ತೊಯ್ದ್ರ ಒರಸಾಕ ಬರತೈತೇನ್ಲೇ, ಮಾಸ್ತರಾ?”

ಒಳಗ ಹೋಗಿ ನೋಡಿದ್ರ ಕಾಕಾನ ಹೊರಸಿನ ಮ್ಯಾಲ ಚಾದರ ಹೊಚಗೊಂಡು ಕಟಗಿ ಮಲಗಿದ್ದುವು. ಅಂವ ಎಲ್ಲಿ ಮಲಗತಾನ ಅಂತ ಕೇಳೂದೂ ಬ್ಯಾಡ ಅನಿಸ್ತು.

ಆ ವಾರ ಮಳಿ ಬಿಡಲೇ ಇಲ್ಲ. ಸಾಲಿಗೆ ಸೂಟಿ ಕೊಟ್ಟಿದ್ರು, ನಾ ಅಲ್ಲೇ ಉಳದೆ. ಒಂದಿನ ಮುಂಜಾನೆ ಎದ್ದು ನೋಡತೀವಿ, ರೇನ್‌ಕೋಟಿನ ಕೆಳಗ ಒಲಿ ಕರಗಿ ಕುಸದಿತ್ತು. ಕಾಕಾ ಇಟ್ಟಂಗಿ ಇಟ್ಟ, ಕೊಡಿ ಹಿಡದ, ಊದಿ ಊದಿ ಕಣ್ಣು ಕೆಂಪು ಮಾಡ್ಕೊಂಡ. ಬೆಂಕಿ ಹತ್ತಲಿಲ್ಲ. ಬಾಜೂ ಮನಿಯವರೂ ಒಲಿ ಬಿಟ್ಟು ಗ್ಯಾಸ್ ಹಚ್ಚಿದ್ರು. ಮಧ್ಯಾಹ್ನ ಆತು. ಕಿಡಕಿಯಾಗ ಚಿಗವ್ವ ಎಲ್ಲಾ ನೋಡಾಕ ಹತ್ತಿದ್ದಳು, ಅವತ್ತ ಒಂದು ಮಾತೂ ಬೈಯಲಿಲ್ಲ.

ಕಡೀಕ ಕಾಕಾ ಒಳಗ ಬಂದು ಗ್ಯಾಸ್ ಹಚ್ಚಿದ. ಒಂದು ಮಗ್ಗಲ ಸುಟ್ಟ, ಇನ್ನೊಂದು ಮಗ್ಗಲ ಹಸಿ ಉಳಿದ ರೊಟ್ಟಿ ಅದು, ನನಗಾದ್ರೂ ಇಳೀತಿರಲಿಲ್ಲ. ಚೂರು ಮಾಡಿ ಬಾಯಿಗಿಟ್ಟ. ಆಕಿ ತಿಂದಳು. ಪೂರಾ ಒಂದು ರೊಟ್ಟಿ ತಿಂದು, ಎಡಗೈಲೇ ಬಾಯಿ ಒರಸ್ಕೊಂಡು ಅಂದಳು, “ಛಲೋ ಆಗೇತ್ರಿ.”

ನನಗ ಹಾಲು ಕುಡದಷ್ಟು ಸಂತೋಷ ಆತು. “ಪಾರಾದಿ ನೋಡು ಕಾಕಾ, ಇನ್ನ ಗ್ಯಾಸಿನದ ನಡೀತೈತಿ. ಆ ಹಿತ್ತಲದ ಸಂತಿ ಬಂದ್ ಮಾಡು” ಅಂದೆ.

ಕಾಕಾ ಹಿಂದಿನ ಪಡಸಾಲಿಗೆ ಹೋಗಿ ಕುಂತ. ಅಂವ ಅಳಾಕ ಹತ್ತಿದ್ದ. ಅವನ ಕಣ್ಣಾಗ ನೀರು ನಾ ಅವತ್ತ ಮೊದಲ ನೋಡಿದ್ದು.

“ಸುಳ್ಳ ಹೇಳಿದಳ್ಲೇ ತಮ್ಮಾ. ಗಂಟಲದಾಗ ಇಳೀವಲ್ದಾಗಿತ್ತು, ನಾ ನೋಡೇನಿ. ನಾ ಮಳಿಯಾಗ ನಿಂತದ್ದ ನೋಡಿ, ನನ್ನ ಸಮಾಧಾನಕ್ಕ ನುಂಗಿದಳು. ಮಗ್ಗಲ ಹೊರಳಾಕ ಬರದಾಕಿ, ನನ್ನ ಸಂಭಾಳಸಾಕ ಹತ್ಯಾಳ.”

ಇಷ್ಟು ದಿನ ಇವನ ಮ್ಯಾಲ ನಕ್ಕು, ಸಾಲಿಯಾಗ ಮಾಸ್ತರಗೋಳಿಗೆಲ್ಲಾ ಹೇಳಿ ನಗಿಸಿದ್ದೆ. ಭಾಳ ನಾಚಿಕಿ ಆತು.

ಕಾಕಾ ಎದ್ದು, ಹೊಸ ಒಲಿಗೆ ಅಂತ ಪಡಸಾಲಿಯಾಗ ಒಣಮಣ್ಣು, ಹುಲ್ಲು ಸುರುವಿ ನೀರು ಹಾಕಿ ತುಳಿಯಾಕ ನಿಂತ. ನಾ ಪ್ಯಾಂಟ್ ಏರಿಸಿ ಅವನ ಎದುರಿಗೆ ನಿಂತೆ. ಇಬ್ಬರೂ ತುಳದ್ವಿ. ಕಿಡಕಿಯಾಗಿಂದ ದನಿ ಬಂತು.

“ಹುಲ್ಲು ಕಡಿಮಿ ಆತ್ರಿ. ಒಣಗಿದ ಮ್ಯಾಲ ಒಡೀತೈತಿ.”

“ಹಾಕತೇನಿ ತಡೀ” ಅಂದ ಕಾಕಾ. ಅಂದು, ಕಿಡಕಿಗೆ ಕಾಣದಂಗ ಮಾರಿ ತಿರುವಿ, ಮತ್ತೆರಡು ಹಿಡಿ ಹುಲ್ಲು ಹಾಕಿದ.