ಮಾವನ ಕುರಿ ಮತ್ತು ನನ್ನ ಕಪ್ಪು ಗೆರೆ

ಮದುವೆ ಊಟದ ಪಂಕ್ತಿಯಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಎಲೆಯ ಮುಂದೆ ಕೂತರೆ ಸಾಕು, ಚಳ್ಳಕೆರೆ ಹೊರಗಿನ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು ಫ್ರೀಜರ್ ಕಾಯುವ ಈ ಸಹಾಯಕ ತಿಪ್ಪೇಸ್ವಾಮಿ ಇದ್ದಕ್ಕಿದ್ದಂತೆ ವಿಜ್ಞಾನಿಯಾಗಿಬಿಡುತ್ತಾನೆ. ಮೊಳಕಾಲ್ಮುರಿನ ಒಂದು ಮದುವೆಯಲ್ಲಿ ನಮ್ಮ ಆಂಟಿಬಾಡಿಯ ವಿಷಯ ಎತ್ತಿದ್ದೂ ಹೀಗೆಯೇ.

ಅದೊಂದು ಪುಟ್ಟ ಸೀಸೆ. ಒಳಗಿದ್ದದ್ದು ಎರಡು ಹನಿಯಷ್ಟು ದ್ರವ. ಸಂಶೋಧನೆ ಮಾಡುತ್ತಿದ್ದ ಶೈಲಜಾ ಮೇಡಂ ಅದು ಪರದೇಶದಿಂದ ಬರಲೆಂದು ತಿಂಗಳುಗಟ್ಟಲೆ ಕಾದಿದ್ದರು. ನರದಿಂದ ಸ್ನಾಯುವಿಗೆ ಸುದ್ದಿ ಮುಟ್ಟಿಸುವ ಒಂದು ರಾಸಾಯನಿಕವಿದೆ. ಸುದ್ದಿ ಮುಟ್ಟಿದ ಮೇಲೆ ಅದನ್ನು ಒಡೆದು ಗುಡಿಸಿಹಾಕುವ ಕಿಣ್ವವೊಂದಿದೆ. ಕೆಲವು ಕೀಟನಾಶಕಗಳು ಆ ಕಿಣ್ವದ ಮೇಲೇ ಬೀಳುತ್ತವೆ. ಆಗ ಜೊಲ್ಲು ಸುರಿದು, ಕಾಲು ನಡುಗಿ, ಉಸಿರು ನಿಲ್ಲುತ್ತದೆ. ನಮ್ಮ ಆಂಟಿಬಾಡಿ ಸಾವಿರಾರು ಪ್ರೋಟೀನುಗಳ ನಡುವೆ ಆ ಕಿಣ್ವವನ್ನಷ್ಟೇ ಹುಡುಕಿ ಅಂಟಿಕೊಳ್ಳುತ್ತದೆ, ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಇಷ್ಟು ಹೇಳಿ ಪಾಯಸ ಕುಡಿಯಬಹುದಿತ್ತು. "ಎಂಥಾ ವಿಷ ಆದ್ರೂ ನಮ್ದೊಂದು ಹನಿ ಸಾಕು, ಕಂಡುಹಿಡಿದುಬಿಡ್ತೈತೆ" ಎಂದೆ. ಎದುರು ಪಂಕ್ತಿಯಲ್ಲಿದ್ದ ಸೋದರಮಾವ ಓಬಣ್ಣ ಕೈಯ ತುತ್ತು ಹಾಗೇ ಹಿಡಿದು ಕೇಳಿಸಿಕೊಂಡ.

ಎರಡು ತಿಂಗಳ ಮೇಲೆ, ಒಂದು ಶನಿವಾರ ಬೆಳಿಗ್ಗೆ, ಮಾವ ನಮ್ಮ ಗೇಟಿನಲ್ಲಿ ನಿಂತಿದ್ದ. ಕೈಯಲ್ಲಿ ಐಸ್ ತುಂಬಿದ ಥರ್ಮಾಕೋಲ್ ಡಬ್ಬಿ. ಒಳಗೆ ಕುರಿಯ ತಲೆ. ಊರಿನ ರುದ್ರಪ್ಪನ ಮೆಕ್ಕೆಜೋಳಕ್ಕೆ ನುಗ್ಗಿದ ಮಾವನ ಹನ್ನೊಂದು ಕುರಿಗಳು ಜೊಲ್ಲು ಸುರಿಸುತ್ತ ಬದುವಿನ ಮೇಲೇ ಬಿದ್ದು ಸತ್ತಿದ್ದವು; ಈ ತಲೆಯೊಂದು ಬಿಟ್ಟು ಮಿಕ್ಕದ್ದನ್ನೆಲ್ಲ ಸುಟ್ಟಾಗಿತ್ತು. ತಾನು ಬೆಳೆಗೆ ಔಷಧಿ ಹೊಡೆದೇ ಇಲ್ಲ, ಅದೇನೋ ರೋಗ ಎಂದು ರುದ್ರಪ್ಪ ಸಾಧಿಸುತ್ತಿದ್ದ. ಭಾನುವಾರ ಸಂಜೆ ಊರ ಹಿರಿಯರು ಸೇರುವವರಿದ್ದರು.

"ದನದ ಡಾಕ್ಟ್ರು ಬೆಂಗಳೂರಿಗೆ ಕಳಿಸ್ಬೇಕು ಅಂತಾರೆ. ಬೆಂಗಳೂರು ಯಾಕೆ, ನಮ್ ತಿಪ್ಪೇಶಿ ತಾವ್ಲೇ ಆ ಔಷಧಿ ಹನಿ ಐತೆ ಅಂದೆ. ಒಂದು ಹನಿ ಹಾಕಿ ನೋಡಲೇ" ಎಂದ.

ಮೇಡಂ ಊರಿಗೆ ಹೋಗಿದ್ದರು. ಕೇಳಲು ಫೋನಿತ್ತು, ಧೈರ್ಯ ಇರಲಿಲ್ಲ. ಹೋಲಿಸಿ ನೋಡಲು ಮಟನ್ ಅಂಗಡಿಯಿಂದ ಇನ್ನೊಂದು ಕುರಿಯ ಮಿದುಳು ತಂದೆ. ಎರಡಕ್ಕೂ ಆಂಟಿಬಾಡಿ ಹಾಕಿದೆ; ವಿಷ ತಿಂದದ್ದರ ಗೆರೆ ಮಾಸಿರಬೇಕು ಎಂಬುದು ನನ್ನ ಲೆಕ್ಕ. ಮರುದಿನ ಫಿಲ್ಮಿನ ಮೇಲೆ ಎರಡು ಗೆರೆಗಳು ಕಾಡಿಗೆ ತೀಡಿದಂತೆ ಮೂಡಿದವು. ಅಷ್ಟು ಚೆಂದದ ಗೆರೆ ನನ್ನ ಕೈಯಲ್ಲಿ ಹಿಂದೆಂದೂ ಬಂದಿರಲಿಲ್ಲ. ಅದೇ ಹುರುಪಿನಲ್ಲಿ ಫೋನ್ ಮಾಡಿದೆ.

"ಎರಡೂ ಒಂದೇ ಸಮ ಐತೆ ಮಾವ! ಕಿಣ್ವ ಪೂರ್ತಿ ಐತೆ. ವಿಷ ಗಿಷ ಏನಿಲ್ಲ!"

ಮಾವ ಸ್ಪೀಕರ್ ಹಾಕಿ ಫೋನನ್ನು ಹಿರಿಯರ ನಡುವೆ ಇಟ್ಟಿದ್ದನಂತೆ. ಆ ಕಡೆ ಯಾರೋ "ಆಯ್ತಲ್ಲ, ಏಳ್ರಪ್ಪ" ಎಂದದ್ದು ಕೇಳಿಸಿತು.

ಸೋಮವಾರ ಮೇಡಂ ಎದುರು ಎಲ್ಲ ಒಪ್ಪಿಕೊಂಡೆ. ಬೈಗುಳಕ್ಕೆ ತಯಾರಾಗಿದ್ದೆ. ಅವರು ಫಿಲ್ಮನ್ನೇ ನೋಡುತ್ತ, "ತಿಪ್ಪೇಸ್ವಾಮಿಯವರೇ, ಆಂಟಿಬಾಡಿ ಕಿಣ್ವ ಇದೆಯೋ ಇಲ್ಲವೋ ಅಂತ ಹೇಳುತ್ತೆ. ಕೆಲಸ ಮಾಡ್ತಿದೆಯೋ ಇಲ್ಲವೋ ಹೇಳಲ್ಲ. ವಿಷ ಬಿದ್ದರೂ ಕಿಣ್ವ ಅಲ್ಲೇ ಇರುತ್ತೆ, ಕೈಕಟ್ಟಿಕೊಂಡು. ಅದರ ಕೆಲಸ ಅಳೆಯೋ ಪರೀಕ್ಷೆ ಬೇರೆ. ತಲೆ ಎಲ್ಲಿ? ಈಗಲೇ ಮಾಡೋಣ" ಎಂದರು.

ತಲೆ ಇರಲಿಲ್ಲ. ಉಳಿದದ್ದನ್ನೆಲ್ಲ ನಿಯಮದಂತೆ ಕೆಂಪು ಚೀಲಕ್ಕೆ ಹಾಕಿ ಸುಡಲು ಕಳಿಸಿಬಿಟ್ಟಿದ್ದೆ. ಆ ವಾರ ನಾನು ಪಾಲಿಸಿದ ನಿಯಮ ಅದೊಂದೇ.

ಮುಂದಿನ ಭಾನುವಾರ ಊರಿಗೆ ಹೋಗಿ ಹಿರಿಯರನ್ನು ಮತ್ತೆ ಸೇರಿಸಿ ನನ್ನ ತಪ್ಪು ಹೇಳಿದೆ. ಅವರಲ್ಲಿ ಹಿರೀಕನಾದ ಬೋರಜ್ಜ ತಾಳ್ಮೆಯಿಂದ ಕೇಳಿ, "ಆವತ್ತು ವಿಷ ಇಲ್ಲ ಅಂದೆ. ಇವತ್ತು ಇರ್ಬೋದು ಅಂತೀಯ. ಒಂದೇ ಮಾತು ಹೇಳಪ್ಪ, ವಿಷದಿಂದ್ಲೇ ಸತ್ವಾ?" ಎಂದ.

ಮಾವ ನನ್ನ ಮುಖ ನೋಡಿದ. ರುದ್ರಪ್ಪ ನೆಲ ನೋಡಿದ.

"ಗ್ಯಾರಂಟಿಯಾಗಿ ಹೇಳಕ್ಕಾಗಲ್ಲ ಅಜ್ಜ" ಎಂದೆ. ಸತ್ಯವೇ. ಸಭೆ ಎದ್ದಿತು.

ಬಸ್‌ಸ್ಟ್ಯಾಂಡಿನವರೆಗೂ ಮಾವ ಜೊತೆಗೆ ಬಂದ. ಬೈಯಲಿಲ್ಲ. ಬಸ್ಸು ಕಾಣಿಸಿದ ಮೇಲೆ ಮೆಲ್ಲಗೆ ಕೇಳಿದ: "ಫೋನ್ನಾಗೆ ಎಷ್ಟು ಗಟ್ಟಿಯಾಗಿ ಹೇಳ್ದಲ್ಲಲೇ. ಇವತ್ತೇನಾಗಿತ್ತು ನಿಂಗೆ?"