ಪಚ್ಚಬಾಳೆಯಷ್ಟು ಹೊಟ್ಟೆ, ಮೂರು ಪಂಕ್ತಿಯ ಊಟ

ಸಾಕು ಎಂದವರಿಗೆ ಸಾಕು ಮಾಡುವುದು ನನಗೆ ಬರುವುದಿಲ್ಲ. ಅಕ್ಕನ ವಿಷಯದಲ್ಲಿ ನಾನು ಮಾಡಬೇಕಾಗಿದ್ದದ್ದು ಒಂದೇ ಕೆಲಸ: ಒಬ್ಬಟ್ಟಿನ ತಟ್ಟೆ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಅಷ್ಟು ಸಣ್ಣ ಕೆಲಸ ನನ್ನಿಂದ ಆಗಲಿಲ್ಲ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ಆದರೆ ಮೊದಲು ನಮ್ಮ ಅಕ್ಕ ಎಂಥವಳು ಎಂದು ನಿಮಗೆ ತಿಳಿಯಬೇಕು. ಇಲ್ಲದಿದ್ದರೆ, ಒಂದು ಒಬ್ಬಟ್ಟು ಹಾಕಿದ್ದಕ್ಕೆ ಇವನದ್ದು ಇಷ್ಟು ಗೋಳೇ ಎಂದು ನಗುತ್ತೀರಿ.

ನಮ್ಮ ಅಕ್ಕ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆಸಿಕೊಂಡ ಮೇಲೆ, ಮೊದಲಿಗಿಂತ ಹೆಚ್ಚು ಹೊತ್ತು ಊಟ ಮಾಡುವ ಹೆಂಗಸು! ಇಂಥವರು ಬೆಂಗಳೂರಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ನಾನು ಬಡಿಸುವ ಕೆಲಸ ಬಿಟ್ಟುಬಿಡುತ್ತೇನೆ.

ಹೌದು, ನನ್ನ ಕೆಲಸ ಬಡಿಸುವುದು. ಒಂಬತ್ತನೇ ಕ್ಲಾಸಿಗೆ ಶಾಲೆಗೂ ನನಗೂ ಸರಿಹೋಗಲಿಲ್ಲ. ಅಡುಗೆ ಕಂಟ್ರಾಕ್ಟರೊಬ್ಬರ ಹಿಂದೆ ಹೋದೆ. ಬನಶಂಕರಿ, ಜಯನಗರದ ಕಡೆಯ ಕಲ್ಯಾಣ ಮಂಟಪಗಳಲ್ಲಿ ನೀವು ಊಟ ಮಾಡಿದ್ದರೆ ನಿಮ್ಮ ಎಲೆಗೂ ನಾನು ತುಪ್ಪ ಹಾಕಿರಬಹುದು. ಎಲೆಯ ಮೇಲೆ ಎರಡು ಕೈ ಅಡ್ಡ ಹಿಡಿದು ಬೇಡ ಬೇಡ ಎನ್ನುತ್ತೀರಲ್ಲ, ಆ ಬೆರಳುಗಳ ಸಂದಿಯಲ್ಲಿ ಜಿಲೇಬಿ ಇಳಿಸುವುದು ನನ್ನ ವಿದ್ಯೆ. ಆ ವಿದ್ಯೆಗೆ ಗುರು ಅಕ್ಕನೇ. ಜರಗನಹಳ್ಳಿಯ ನಮ್ಮ ಮನೆಯಲ್ಲಿ ಹಬ್ಬವೆಂದರೆ ಅವಳದ್ದೇ ಬಡಿಸುವಿಕೆ. ನಾನು ಲಂಗೋಟಿ ವಯಸ್ಸಿನಲ್ಲೇ ಉಪ್ಪಿನ ಬಟ್ಟಲು ಹಿಡಿದು ಅವಳ ಹಿಂದೆ ಹೋಗುತ್ತಿದ್ದೆ. "ಎಲೆ ನೋಡಿ ಬಡಿಸ್ಬೇಡ ಕಣೋ, ಮುಖ ನೋಡಿ ಬಡಿಸು" ಎನ್ನುತ್ತಿದ್ದಳು. ಎಲ್ಲರದ್ದೂ ಆದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು, ಪಾತ್ರೆಗಳಲ್ಲಿ ಉಳಿದದ್ದನ್ನೆಲ್ಲ ಎಸೆಯಬಾರದೆಂದು ಊಟ ಮಾಡುತ್ತಿದ್ದಳು. ಅವಳಿಗೆ ಬಡಿಸುವವರು ಯಾರೂ ಇರಲಿಲ್ಲ. ಅವಳ ಮುಖ ನೋಡುವವರೂ ಇರಲಿಲ್ಲ ಅನ್ನಿ.

ಹಾಗೆ ಊಟ ಮಾಡಿ ಮಾಡಿ ಅಕ್ಕ ಬೆಳೆದಳು. ಮದುವೆಯಾಗಿ ಉತ್ತರಹಳ್ಳಿಗೆ ಹೋದ ಮೇಲೂ ಬೆಳೆದಳು. ಮಂಡಿ ನೋವು ಬಂತು, ಶುಗರ್ ಬಂತು, ಗೊರಕೆ ಬಂತು. ಅದೆಂಥ ಗೊರಕೆ! ಮೇಲಿನ ಮನೆಯ ಬಾಡಿಗೆಯವರು ಬಾಗಿಲು ತಟ್ಟಿ, ಸಂಪಿನ ಮೋಟಾರ್ ಆಫ್ ಮಾಡುವುದು ಮರೆತಿದ್ದೀರಿ ಎಂದು ಭಾವನಿಗೆ ಹೇಳಿ ಹೋಗಿದ್ದರಂತೆ. ಆಮೇಲೆ ಒಂದು ದಿನ ಆ ಮೋಟಾರ್ ನಡುವೆ ನಿಂತುಹೋಯಿತು. ಉಸಿರೇ ಇಲ್ಲ. ಭಾವ ಹೆದರಿ ಅಲುಗಾಡಿಸಿದ ಮೇಲೆ ಅಕ್ಕ ಎದ್ದು, ಯಾಕೆ ಎಬ್ಬಿಸಿದಿರಿ ಎಂದು ಬೈದಳು. ಬೆಳಗಾಗುತ್ತಲೇ ಭಾವ ಅವಳನ್ನು ಜೆ.ಪಿ. ನಗರದ ಡಾಕ್ಟರ ಮುಂದೆ ಕೂರಿಸಿದರು. ನಾನೂ ಹೋಗಿದ್ದೆ.

ಡಾಕ್ಟರು ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬರೆದರು. ಇಷ್ಟನ್ನು ತೆಗೆದುಬಿಡುತ್ತೇವೆ, ಉಳಿಯುವುದು ಒಂದು ಬಾಳೆಹಣ್ಣಿನಷ್ಟು ಎಂದರು. ಭಾವನ ಮುಖ ಬಿಳುಚಿತು. ಅಕ್ಕ ಚಿತ್ರವನ್ನು ಚೆನ್ನಾಗಿ ನೋಡಿ ಕೇಳಿದಳು: "ಯಾವ ಬಾಳೆಹಣ್ಣು ಡಾಕ್ಟ್ರೇ? ಪಚ್ಚಬಾಳೆನೋ, ಏಲಕ್ಕಿ ಬಾಳೆನೋ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರಿಗೆ ಈ ಪ್ರಶ್ನೆ ಯಾವ ಕಾಲೇಜಿನಲ್ಲೂ ಬಂದಿರಲಿಕ್ಕಿಲ್ಲ. ಯೋಚನೆ ಮಾಡಿ, ಪಚ್ಚಬಾಳೆ ಎಂದರು. ಅಕ್ಕ ಒಪ್ಪಿದಳು. ಏಲಕ್ಕಿ ಅಂದಿದ್ದರೆ ಎದ್ದು ಬರುತ್ತಿದ್ದೆ ಎಂದು ಆಮೇಲೆ ಹೇಳಿದಳು.

ಆಪರೇಷನ್ನಿಗೆ ತಿಂಗಳು ಆರಿಸಿದ್ದೂ ಅವಳೇ. ಆಷಾಢ! ಯಾಕೆಂದು ಗೊತ್ತಾಯಿತೇ? ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಗಂಜಿ ನೀರು ಕುಡಿದುಕೊಂಡು ಬಿದ್ದಿದ್ದರೂ ಒಂದು ಊಟವೂ ತಪ್ಪಿದಂತಾಗುವುದಿಲ್ಲ!

ಆಸ್ಪತ್ರೆಯಿಂದ ಕಳಿಸುವಾಗ ಅಲ್ಲಿನ ಡಯಟ್ ಮೇಡಂ ನಮ್ಮನ್ನೆಲ್ಲ ಕೂರಿಸಿ ಪಾಠ ಹೇಳಿದರು. ಮೊದಲು ಬೇಳೆ ಕಾಳು, ಆಮೇಲೆ ಉಳಿದದ್ದು. ಊಟದ ಜೊತೆ ನೀರು ಕೂಡದು. ನುಣ್ಣಗೆ ಅಗಿಯಬೇಕು. ಸಿಹಿ ಮತ್ತು ತುಪ್ಪ ಒಟ್ಟಿಗೆ ಇಳಿದರೆ ಹೊಟ್ಟೆ ತಡೆಯುವುದಿಲ್ಲ. ಕೊನೆಗೆ, ಹಬ್ಬದ ದಿನ ಇವರಿಗೆ ಒತ್ತಾಯ ಮಾಡಿ ಬಡಿಸುವವರು ನಿಮ್ಮಲ್ಲಿ ಯಾರು ಎಂದು ಕೇಳಿದರು. ಭಾವ, ನನ್ನ ಹೆಂಡತಿ, ಅಕ್ಕ, ಎಲ್ಲರೂ ಒಟ್ಟಿಗೆ ನನ್ನ ಕಡೆ ಬೆರಳು ತೋರಿಸಿದರು. ಮೇಡಂ ನನ್ನಿಂದ ಮಾತು ತೆಗೆದುಕೊಂಡರು. ಇನ್ನು ಮೇಲೆ ಒತ್ತಾಯ ಮಾಡುವುದಿಲ್ಲ ಎಂದೆ. ಬಾಯಲ್ಲಿ ಎಂದೆ. ಕೈಗೆ ಅದು ಕೇಳಿಸಿರಲಿಲ್ಲ.

ಅಕ್ಕ ಮಾತ್ರ ಬೇಳೆ ಮೊದಲು ಎಂಬುದನ್ನು ಕೇಳಿ ಹಿಗ್ಗಿದಳು. ನಮ್ಮವರು ಕೋಸಂಬರಿಯನ್ನು ಎಲೆಗೆ ಮೊದಲು ಹಾಕುತ್ತಿದ್ದದ್ದು ತನ್ನ ಆಪರೇಷನ್ನಿಗೋಸ್ಕರವೇ ಎಂಬಂತೆ ಮಾತಾಡತೊಡಗಿದಳು. ಮಗನ ಅನ್ನಪ್ರಾಶನದ ಬೆಳ್ಳಿ ಬಟ್ಟಲನ್ನು ಬೀರುವಿನಿಂದ ತೆಗೆದಳು. ಅದೇ ಅವಳ ಅಳತೆ. ಯಾರ ಮನೆಯ ಸಮಾರಂಭಕ್ಕೆ ಹೋದರೂ ವ್ಯಾನಿಟಿ ಬ್ಯಾಗಿನಲ್ಲಿ ಬಟ್ಟಲು, ಪುಟ್ಟ ಚಮಚ. ಮನೆಯಲ್ಲೇ ಇರು ಎಂದರೆ ಕೇಳುವವಳೇ? ಹೊಟ್ಟೆ ಸಣ್ಣದಾಗಿದೆ, ನಾಲಿಗೆ ಹಾಗೇ ಇದೆಯಲ್ಲ ಎನ್ನುವಳು.

ಹುಳಿಮಾವಿನ ಒಂದು ಗೃಹಪ್ರವೇಶದಲ್ಲಿ ಆ ಬಟ್ಟಲಿಗೆ ಚಿಟಿಕೆಯಷ್ಟು ಕೇಸರಿಬಾತ್ ಹಾಕಿಸಿಕೊಂಡು ಪಕ್ಕದಲ್ಲಿ ಇಟ್ಟುಕೊಂಡಿದ್ದಳು. ಅರಿಸಿನ ಕುಂಕುಮಕ್ಕೆ ಬಂದ ಒಬ್ಬ ಅಜ್ಜಿ, ಬೆಳ್ಳಿ ಬಟ್ಟಲು ಕಂಡಿದ್ದೇ ಭಕ್ತಿಯಿಂದ ಬೆರಳದ್ದಿ ಹಣೆಗೆ ಹಚ್ಚಿಕೊಂಡರು. ಕುಂಕುಮ ಯಾಕೆ ಅಂಟಂಟು ಎಂದು ಮತ್ತೊಮ್ಮೆ ಅದ್ದಿದರು. ಅಕ್ಕನ ಸಂಕಟ ಏನು ಗೊತ್ತೇ? ಅಜ್ಜಿಯ ಹಣೆಯದ್ದಲ್ಲ. ಬಟ್ಟಲಿನಲ್ಲಿದ್ದ ಒಂದೇ ಒಂದು ಗೋಡಂಬಿ ಅಜ್ಜಿಯ ಹುಬ್ಬಿನ ನಡುವೆ ಹೊರಟುಹೋಗಿತ್ತು!

ಆ ವರ್ಷದ ಗೌರಿ ಹಬ್ಬಕ್ಕೆ ಅಕ್ಕ ವಾಡಿಕೆಯಂತೆ ತವರಿನ ಬಾಗಿನಕ್ಕೆ ನಮ್ಮ ಮನೆಗೆ ಬಂದಳು. ಮಾರನೆಯ ದಿನದ ಗಣಪತಿಗೂ ಉಳಿದಳು. ಗಣಪತಿಯ ಕಡುಬಿನ ಪಕ್ಕದಲ್ಲೇ ತನಗೆಂದು ಕಡಲೆಕಾಯಿಯಷ್ಟು ಕಡುಬು ಮಾಡಿ, ಅದಕ್ಕೂ ಸರಿಯಾಗಿ ಅಂಚು ಮಡಿಚಿ ಬೇಯಿಸಿದಳು. ನಮ್ಮ ದೊಡ್ಡಮ್ಮ ಕನ್ನಡಕ ಏರಿಸಿ, ಇದೇನೇ ಇದು, ಗಣಪತಿಯ ಇಲಿಗೇನೇ ಎಂದರು. "ಹೂಂ ದೊಡ್ಡಮ್ಮ, ನಾನೀಗ ಆ ಕಡೆಯವಳು" ಎಂದಳು ಅಕ್ಕ.

ಮದುವೆ ಊಟದಲ್ಲಿ ಮಾತ್ರ ಅವಳನ್ನು ನೋಡಬೇಕು. ಎಲ್ಲರಂತೆ ತನಗೂ ಪೂರ್ತಿ ಎಲೆ ಹಾಕಿಸಿಕೊಳ್ಳುವಳು. ಒಂದೊಂದು ಪದಾರ್ಥವೂ ಸಾಸಿವೆಯಷ್ಟು. ಒಂದೊಂದು ತುತ್ತನ್ನೂ ಗಂಧ ತೇಯ್ದ ಹಾಗೆ ಅಗಿಯುವಳು. ಮೊದಲನೇ ಪಂಕ್ತಿ ಏಳುತ್ತದೆ. ಎಲೆ ಎತ್ತುವವನು ಬಕೆಟ್ ಹಿಡಿದು ಬರುತ್ತಾನೆ. "ಎತ್ಬೇಡಪ್ಪ, ನಾನಿನ್ನೂ ಕೋಸಂಬರಿಲಿದ್ದೀನಿ" ಎನ್ನುವಳು ಅಕ್ಕ. ಎರಡನೇ ಪಂಕ್ತಿ ಕೂತು ಏಳುತ್ತದೆ, ಅಕ್ಕ ಪಲ್ಯಕ್ಕೆ ಬಂದಿರುತ್ತಾಳೆ. ಮೂರನೇ ಪಂಕ್ತಿಯವರ ಜೊತೆ ಮಜ್ಜಿಗೆಯವರೆಗೆ ತಲುಪಿ ತೃಪ್ತಿಯಿಂದ ಕೈ ತೊಳೆಯುವಳು. ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಆ ಹಸಿರು ಸೀರೆಯವರು ಹೊಟ್ಟೆ ಸಣ್ಣ ಮಾಡಿಸಿಕೊಂಡಿದ್ದಾರಂತೆ, ಮೂರು ಪಂಕ್ತಿಯಲ್ಲೂ ಕೂತು ತಿಂದರಲ್ಲ, ಆ ಡಾಕ್ಟರ ಮೇಲೆ ಕೇಸ್ ಹಾಕಬೇಕು ಎಂದು ಪಾಪ ಕನಿಕರಪಟ್ಟರು.

ತಿನ್ನಲಾಗದ್ದನ್ನು ಬೇರೆಯವರ ಬಾಯಿಂದ ತಿನ್ನುವುದನ್ನೂ ಅವಳು ಕಲಿತಳು. ನನ್ನನ್ನು ಎದುರಿಗೆ ಕೂರಿಸಿ ಚಿರೋಟಿ ಕೊಡುವಳು. ಹೇಗಿದೆ? ಚೆನ್ನಾಗಿದೆ. ಚೆನ್ನಾಗಿದೆ ಅನ್ನುವುದು ಒಂದು ಉತ್ತರವೇ? ಪದರ ಮುರಿಯಿತೋ ಕರಗಿತೋ? ಹಾಲು ಹೀರಿತೋ ಇಲ್ಲವೋ? ಏಲಕ್ಕಿ ಮೊದಲು ಬಂತೋ ಕೊನೆಗೆ ಬಂತೋ? ಶಾಲೆಯಲ್ಲಿ ನನ್ನನ್ನು ಇಷ್ಟು ಕೇಳಿದ್ದರೆ ಎಂಟನೇ ಕ್ಲಾಸಿಗೇ ಬಿಡುತ್ತಿದ್ದೆ. ನಾನು ತಿಂದು ಉತ್ತರ ಹೇಳಿ ಹೇಳಿ, ಅಕ್ಕ ಇಳಿಸಿದ ತೂಕದಲ್ಲಿ ಒಂದಿಷ್ಟು ನನ್ನ ಸೊಂಟಕ್ಕೆ ಬಂದು ಸೇರಿತು. ಅಕ್ಕ ಮೆಟ್ರೋ ಮೆಟ್ಟಿಲನ್ನು ಹತ್ತಿ ಮೇಲೆ ನಿಂತು, ಏದುಸಿರು ಬಿಡುತ್ತಾ ಬರುವ ನನಗೆ ಕಾಯುತ್ತಿದ್ದಳು. ನೋಡಿ ಸಂತೋಷವಾಗುತ್ತಿತ್ತು.

ಹಾಗಾದರೆ ಯುಗಾದಿಯ ದಿನ ನನಗೇನಾಗಿತ್ತು?

ಅವತ್ತು ನಮ್ಮ ಮನೆಯಲ್ಲೇ ಎಲ್ಲರ ಊಟ. ಒಬ್ಬಟ್ಟು ನಾನೇ ತಟ್ಟಿದ್ದೆ. ಬಡಿಸುವವನೇ ಆದರೂ ಒಬ್ಬಟ್ಟಿನಲ್ಲಿ ನನ್ನ ಕೈ ಕಂಟ್ರಾಕ್ಟರಿಗಿಂತ ಮೇಲು ಎಂದು ನನಗೊಂದು ಜಂಬ. ಬೇವು ಬೆಲ್ಲ ಆಯಿತು. ಅಕ್ಕನ ಎಲೆಯ ಹತ್ತಿರ ಬಂದೆ. ಅವಳು ಎರಡು ಕೈಯನ್ನೂ ಎಲೆಗೆ ಅಡ್ಡ ಹಿಡಿದು, ಬಟ್ಟಲಿಗೆ ಒಂದು ಚೂರು ಮುರಿದು ಹಾಕು ಸಾಕು ಎಂದಳು. ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ಜನ ನೋಡುತ್ತಿದ್ದರು. ಅಷ್ಟು ಹೊತ್ತು ತಟ್ಟಿದ ಒಬ್ಬಟ್ಟು ಇವಳಿಗೆ ಒಂದು ಚೂರು ಸಾಕಾಯಿತೇ ಎಂದು ಒಳಗೆಲ್ಲೋ ಚುಚ್ಚಿತು. ಬಾಯಿಂದ ಮಾತು ಬಂದೇಬಿಟ್ಟಿತು:

"ಡಾಕ್ಟ್ರು ನಿನ್ನ ಹೊಟ್ಟೆ ಕತ್ತರಿಸಿದ್ರೋ, ಈ ತಮ್ಮನ್ನ ಕತ್ತರಿಸಿದ್ರೋ?"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಕ್ಕು, ಎಲೆಯ ಮೇಲಿದ್ದ ಕೈ ತೆಗೆದಳು. ನಾನು ಇಡೀ ಒಬ್ಬಟ್ಟು ಹಾಕಿದೆ, ಮೇಲೆ ತುಪ್ಪ ಸುರಿದೆ. ಬಟ್ಟಲು ಪಕ್ಕದಲ್ಲಿ ಖಾಲಿ ಕೂತಿತ್ತು. ಅವತ್ತು ಅಕ್ಕ ಮೊದಲನೇ ಪಂಕ್ತಿಯಲ್ಲೇ ಊಟ ಮುಗಿಸಿದಳು. ನಾನು ಗೆದ್ದವನಂತೆ ಹೆಂಡತಿಯ ಕಡೆ ಹುಬ್ಬು ಹಾರಿಸಿದೆ.

ಕೈ ತೊಳೆಯಲು ಎದ್ದವಳು ಬೇಸಿನ್ನಿನ ಹತ್ತಿರವೇ ಕೂತುಬಿಟ್ಟಳು. ಬೆವರು ನೀರಿನಂತೆ ಇಳಿಯುತ್ತಿತ್ತು, ಕೈ ತಣ್ಣಗಾಗಿತ್ತು, ಎದೆ ಹೊಡೆದುಕೊಳ್ಳುವುದು ಸೀರೆಯ ಮೇಲೇ ಕಾಣುತ್ತಿತ್ತು. ವಾಂತಿಯಾಯಿತು. ಹೊಸ ಸೀರೆಯಲ್ಲೇ ಅಡುಗೆಮನೆಯ ನೆಲದ ಮೇಲೆ ಮಲಗಿದಳು. ಭಾವ ಆಸ್ಪತ್ರೆಗೆ ಫೋನ್ ಮಾಡಿದರು. ಮಲಗಿರಲಿ, ತಾನಾಗಿ ಇಳಿಯುತ್ತದೆ ಎಂದರಂತೆ. ಏನಾಯಿತೇ ಎಂದು ದೊಡ್ಡಮ್ಮ ಗಾಬರಿಯಿಂದ ಕೇಳಿದರು. ಅಕ್ಕ ಕಣ್ಣು ಬಿಡದೆ ಹೇಳಿದಳು: "ಬೇವು ಜಾಸ್ತಿಯಾಯ್ತು ದೊಡ್ಡಮ್ಮ."

ದೊಡ್ಡಮ್ಮ ತಿರುಗಿ ನನ್ನ ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡರು. ಬೇವು ಎಷ್ಟು ಹಾಕಬೇಕೆಂದು ತಿಳಿಯದೇ, ಆಪರೇಷನ್ ಆದವಳಿಗೆ ಹೀಗೆ ಕೊಡುವುದೇ! ಹೂವಷ್ಟೇ ಹಾಕಿದ್ದೆ ಎಂದು ಅವಳು ಅಳುಮುಖ ಮಾಡಿದಳು. ನಾನು ತುಪ್ಪದ ಗಿಂಡಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬೇವಲ್ಲ, ನಾನು ಎನ್ನಬೇಕಿತ್ತು. ಅನ್ನಲಿಲ್ಲ.

ಸಂಜೆಯ ಹೊತ್ತಿಗೆ ಅಕ್ಕ ಎದ್ದು, ಏನೂ ಆಗದವಳಂತೆ ಆಟೋ ಹತ್ತಿ ಹೋದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ನಮ್ಮ ಮನೆಗೆ ಯಾವಾಗ ಕರೆದರೂ ಒಂದೇ ಮಾತು: "ಊಟ ಮುಗಿಸ್ಕೊಂಡೇ ಬರ್ತೀನಿ ಕಣೋ." ಬೇರೆಯವರ ಮನೆಗಳಲ್ಲಿ ಬಟ್ಟಲು ಹೊರಗೆ ಬರುತ್ತಿತ್ತು, ಮೂರು ಪಂಕ್ತಿಯೂ ನಡೆಯುತ್ತಿತ್ತು, ಕೇಳಿ ಬರುತ್ತಿತ್ತು. ನಮ್ಮ ಮನೆಗೆ ವರಮಹಾಲಕ್ಷ್ಮಿಗೆ ಬಂದವಳು ಕುಂಕುಮ ತೆಗೆದುಕೊಂಡು, ನನ್ನ ಹೊಸ ಹೊಟ್ಟೆಯನ್ನು ತಮಾಷೆ ಮಾಡಿ, ನೀರೂ ಕುಡಿಯದೆ ಹೊರಟಳು. ಊರಿಗೆಲ್ಲ ಬಡಿಸುವವನ ಮನೆಯಲ್ಲಿ ಅವನ ಅಕ್ಕನಿಗೆ ಎಲೆ ಇಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಈ ವರ್ಷದ ಗೌರಿ ಹಬ್ಬ ಬಂತು. ಬಾಗಿನಕ್ಕೆ ಬರುತ್ತೇನೆ, ಊಟ ಮಾತ್ರ ಮುಗಿಸಿಕೊಂಡೇ ಬರುತ್ತೇನೆ ಎಂದಳು ಫೋನಿನಲ್ಲಿ. ನಾನು ಜಯನಗರದ ಮಾರ್ಕೆಟ್ಟಿನಲ್ಲಿ ಬಾಳೆ ಎಲೆ ತಂದು, ಒಂದು ಕುಡಿ ಎಲೆಯ ತುದಿಯನ್ನು ಅಂಗೈಯಗಲ ಕತ್ತರಿಸಿ ತೊಳೆದಿಟ್ಟೆ. ಒಂದು ಒಬ್ಬಟ್ಟನ್ನು ಹಳೆಯ ಒಂದು ರೂಪಾಯಿ ನಾಣ್ಯದಷ್ಟು ತಟ್ಟಿದೆ. ತಟ್ಟಿ ನೋಡಿ, ಅಷ್ಟು ಸಣ್ಣದಕ್ಕೆ ಹೂರಣ ತುಂಬುವುದು ಎಷ್ಟು ಕಷ್ಟ! ಹರಿದು, ಮತ್ತೆ ಸೇರಿಸಿ, ಕೊನೆಗೆ ಒಂದು ಸರಿಹೋಯಿತು. ಹೆಂಡತಿ ನೋಡುತ್ತಾ ನಿಂತಿದ್ದಳು.

ಅಕ್ಕ ಬಂದಳು. ಮೊರದ ಬಾಗಿನ ತೆಗೆದುಕೊಂಡಳು. ಎಲ್ಲರೂ ಊಟಕ್ಕೆ ಕೂತಾಗ ಅವಳು ದಿವಾನದ ಮೇಲೆ ಹೋಗಿ ಕೂತು, ನಿಮ್ಮದಾಗಲಿ ಎಂದಳು. ನಾನು ಪಂಕ್ತಿಯ ಕೊನೆಯಲ್ಲಿ, ದೊಡ್ಡಮ್ಮನ ಪಕ್ಕ, ಆ ಅಂಗೈಯಗಲದ ಎಲೆ ಹಾಕಿದೆ. ಎಲೆಗೆ ಏನನ್ನೂ ಬಡಿಸಲಿಲ್ಲ. ನಾಣ್ಯದಷ್ಟು ಒಬ್ಬಟ್ಟು ಒಂದೇ ಇದ್ದ ತಟ್ಟೆಯನ್ನು ಅದರ ಮುಂದೆ ಇಟ್ಟು, ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ನಿಂತೆ. ಹಾಗೆ ನಿಂತು ಅಭ್ಯಾಸವೇ ಇಲ್ಲದ ನನಗೆ ಬೆರಳುಗಳನ್ನು ಏನು ಮಾಡಬೇಕೋ ತಿಳಿಯಲಿಲ್ಲ.

ಇದೇನೋ ಇಲಿಯ ಎಲೆ ಎಂದರು ದೊಡ್ಡಮ್ಮ. ಯಾರೋ ಕಿಸಕ್ಕೆಂದರು. ಅಕ್ಕ ನಗಲಿಲ್ಲ. ಎಲೆ ನೋಡಿದಳು, ತಟ್ಟೆ ನೋಡಿದಳು, ಹಿಂದೆ ಕಟ್ಟಿದ್ದ ನನ್ನ ಕೈ ನೋಡಿದಳು. "ಊಟ ಆಗಿದೆ ಕಣೋ" ಎಂದಳು ಮೆಲ್ಲಗೆ.

ಆಗ ನನ್ನ ಕಣ್ಣು ಅವಳ ಮಡಿಲಿನಲ್ಲಿದ್ದ ಬ್ಯಾಗಿನ ಮೇಲೆ ಬಿತ್ತು. ಅರ್ಧ ತೆರೆದಿದ್ದ ಜಿಪ್ಪಿನ ನಡುವೆ ಬೆಳ್ಳಿ ಬಟ್ಟಲಿನ ಅಂಚು ಹೊಳೆಯುತ್ತಿತ್ತು. ಊಟ ಮುಗಿಸಿಕೊಂಡು ಬಂದವಳು ಬಟ್ಟಲು ಯಾಕೆ ತಂದಳು? ವರಮಹಾಲಕ್ಷ್ಮಿಗೂ ತಂದಿದ್ದಳೋ ಏನೋ. ಅವತ್ತು ನಾನು ಬ್ಯಾಗಿನ ಕಡೆ ನೋಡಿದ್ದರಲ್ಲವೇ ಗೊತ್ತಾಗುವುದು?

ಎಲ್ಲರ ಕೈ ಎಲೆಯ ಮೇಲಿತ್ತು. ಹೆಂಡತಿ ಸಾರಿನ ಸೌಟು ಹಿಡಿದು ನಿಂತಿದ್ದಳು. ಇದೇ ಮೊದಲ ಸಲ, ನಾನು ಅಕ್ಕನ ಮುಖ ನೋಡಿಕೊಂಡು ಹೇಳಿದೆ:

"ಯುಗಾದಿಲಿ ಬೇವು ಜಾಸ್ತಿಯಾಗಿರ್ಲಿಲ್ಲ ಅಕ್ಕ. ಇವಳದ್ದೂ ಏನೂ ತಪ್ಪಿರ್ಲಿಲ್ಲ. ನಾನು ಎಲೆ ನೋಡಿ ಬಡಿಸ್ದೆ, ನಿನ್ನ ಮುಖ ನೋಡ್ಲಿಲ್ಲ. ತಪ್ಪಾಯ್ತು ಕಣಕ್ಕ."