ಅರ್ಚಾ ಹೊಗೆಯ ತಾಲೀಮು

ಏಪ್ರಿಕಾಟ್ ಹೂವೆಲ್ಲ ಉದುರಿ ಮಿಡಿ ಕಚ್ಚಿದ ದಿನಗಳು. ಬೆಳಗಿನ ಹಾಲು ಕರೆಯುವ ಹೊತ್ತು. ಇಸಿಕ್-ಕುಲ್ ಸರೋವರದ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ದಡದ ಹಾಲಿನ ಫಾರ್ಮಿನಲ್ಲಿ ಶಾರ್ಶೆನ್ ಕೊಟ್ಟಿಗೆಯ ಬಾಗಿಲಿಗೆ ಹಳದಿ ಹಲಗೆಯೊಂದನ್ನು ಹೊಡೆಯಲು ಹೋಗಿ ಮೊಳೆಯ ಬದಲು ಹೆಬ್ಬೆರಳಿಗೆ ಹೊಡೆದುಕೊಂಡ. ಹಲಗೆಯ ಮೇಲೆ ‘ಕೈ ಜೋಪಾನ’ ಎಂದು ಬರೆದಿತ್ತು.

ಈ ಹಲಗೆ, ಮೊಳೆಯ ಉಸಾಬರಿಯನ್ನು ಅವನಿಗೆ ಗಂಟು ಹಾಕಿದವನು ಫಾರ್ಮಿನ ಯಜಮಾನ ಕಾಲ್ಚೊರೊ. ವಯಸ್ಸಿನಲ್ಲಿ ಚಿಕ್ಕವನಾದ್ದರಿಂದ ಶಾರ್ಶೆನ್‌ನನ್ನು ‘ಬೈಕೆ’ ಎಂದು, ಅಣ್ಣನನ್ನು ಕರೆದ ಹಾಗೆಯೇ ಕರೆಯುತ್ತಿದ್ದ.

“ಬೈಕೆ, ಹೋದ್ವರ್ಷ ಗೂಳಿ ಗುದ್ದಿದ್ದು ನಿಮಗೆ. ಅದರ ಹಿಂದಿನ ವರ್ಷ ಗಾಡಿಯಿಂದ ಬಿದ್ದು ಕಾಲು ಮುರ್ಕೊಂಡಿದ್ದೂ ನೀವೇ. ಏಟಿನ ಅನುಭವ ಇರೋದು ಇಲ್ಲಿ ನಿಮಗೊಬ್ರಿಗೇ. ಏಟಾಗದ ಹಾಗೆ ನೋಡ್ಕೊಳ್ಳೋ ಕೆಲಸಾನೂ ನೀವೇ ಮಾಡಿ.”

“ನಾನು ಕುದುರೆ ಮಂದೆ ಜೊತೆ ಜಾಯ್ಲೊಗೆ ಹೋಗ್ಬೇಕಲ್ಲಪ್ಪ.”

“ಗುರುವಾರ ತಪಾಸಣೆಯವರು ಬರ್ತಾರೆ. ಅವರು ಸರಿಯಿದೆ ಅಂದ್ರೆ ಶುಕ್ರವಾರ ಧಾರಾಳವಾಗಿ ಹೋಗಿ. ಇಲ್ಲ ಅಂದ್ರೆ ಬೇಸಿಗೆ ಪೂರ್ತಿ ಇಲ್ಲೇ ಕೂತು ಸರಿ ಮಾಡಿ.”

ಜಾಯ್ಲೊ ಎಂದರೆ ಬೆಟ್ಟದ ಮೇಲಿನ ಬೇಸಿಗೆ ಹುಲ್ಲುಗಾವಲು. ತಣ್ಣನೆ ಗಾಳಿ, ಹುಳಿ ಬಂದ ಕುದುರೆ ಹಾಲು, ಮಧ್ಯಾಹ್ನದ ನಿದ್ದೆ. ಎರಡು ಬೇಸಿಗೆ ಅದನ್ನು ಕಳೆದುಕೊಂಡು ಕೆಳಗಿನ ನೊಣಗಳ ಜೊತೆ ಸಂಸಾರ ಮಾಡಿದ್ದ ಶಾರ್ಶೆನ್ ಆವತ್ತಿನಿಂದ ಮೈಮೇಲೆ ದೇವರು ಬಂದವನಂತೆ ಓಡಾಡಿದ. ಮೇವು ಕತ್ತರಿಸುವ ಯಂತ್ರದ ಬಾಯಿಗೆ ಜಾಲರಿ ಕಟ್ಟಿದ. ಗೂಳಿಗೆ ಬೇರೆ ಬೇಲಿ ಹಾಕಿಸಿದ. ಹಾಲು ಚೆಲ್ಲಿ ಜಾರುವ ಕಡೆ ಮರಳು ಸುರಿದ. ಎಲ್ಲೆಲ್ಲೂ ಎಚ್ಚರಿಕೆಯ ಚಿತ್ರದ ಹಲಗೆ ಹೊಡೆದ.

ಗುರುವಾರ ಬಂತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವನು ಎಲ್ಲರಿಗೂ ಹೆಲ್ಮೆಟ್ ಹಂಚಲು ಹೊರಟ. ಗಂಡಸರು ತಲೆಯ ಮೇಲಿನ ಬಿಳಿ ಉಣ್ಣೆಯ ಕಲ್ಪಾಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಅಪ್ಪ ಕೊಟ್ಟ ಟೋಪಿ ಇದು. ತೆಗೆದು ಎಲ್ಲಿಡಲಿ, ಸಗಣಿ ಮೇಲಾ?” ಎಂದ ಟ್ರ್ಯಾಕ್ಟರ್ ಓಡಿಸುವ ಮುಕಾಯ್.

“ಹಾಗಾದ್ರೆ ಅದರ ಮೇಲೇ ಹಾಕ್ಕೊ.”

ಹಾಕಿಕೊಂಡರು. ಉದ್ದನೆಯ ಕಲ್ಪಾಕಿನ ತುದಿಯಲ್ಲಿ ಹೆಲ್ಮೆಟ್ಟು ಹುಲ್ಲಿನ ಬಣವೆ ಮೇಲೆ ಬೋರಲು ಹಾಕಿದ ಪಾತ್ರೆಯಂತೆ ಕೂತಿತು. ಮುಕಾಯ್ ಬಗ್ಗಿದ ಕೂಡಲೇ ಅವನದು ಜಾರಿ ಶಾರ್ಶೆನ್‌ನ ಕಾಲಿನ ಮೇಲೇ ಬಿತ್ತು.

“ನೋಡಿದ್ಯಾ, ಇದರಿಂದ್ಲೇ ಅಪಾಯ,” ಎಂದ ಮುಕಾಯ್.

ಕುಂಟುತ್ತ ಕೊಟ್ಟಿಗೆಗೆ ಬಂದರೆ, ಹಾಲು ಕರೆಯುವ ಸಾಯ್ರಕಾನಜ್ಜಿ ತನ್ನ ಪಾಲಿನ ಹೆಲ್ಮೆಟ್ಟಿನಲ್ಲಿ ಕೋಳಿಗಳಿಗೆ ಕಾಳು ಹಾಕಿ, ಏಣಿಯಿಂದ ಬೀಳುವ ಮನುಷ್ಯನ ಚಿತ್ರವಿದ್ದ ಹಲಗೆಯನ್ನು ದಿಟ್ಟಿಸುತ್ತ ನಿಂತಿದ್ದಳು.

“ಯಾರೋ ಇವನು? ಮೂತಿ ಎಲ್ಲ ನಿನ್ನ ಹಾಗೇ ಇದೆ.”

“ಯಾರೂ ಅಲ್ಲ ಅಜ್ಜಿ. ಬೀಳಬೇಡಿ ಅಂತ ಹೇಳೋದಕ್ಕೆ ಹಾಕಿರೋದು.”

“ಬೀಳಬೇಡಿ ಅನ್ನೋಕೆ ಬೀಳೋನ ಚಿತ್ರ ಬಾಗಿಲಿಗೆ ಹಾಕ್ತಾರೇನೋ? ಅಲ್ಲಿ ಬೆರಳು ಕತ್ತರಿಸಿದ ಚಿತ್ರ, ಇಲ್ಲಿ ಬೆಂಕಿ ಚಿತ್ರ. ಕೇಡನ್ನ ಕೈ ಬೀಸಿ ಕರೆದ ಹಾಗಾಯ್ತು.”

ಅಷ್ಟರಲ್ಲಿ ಗೇಟಿನ ಬಳಿ ಕಾರು ನಿಂತಿತು. ತಪಾಸಣೆಯ ಬೆಗಿಮಾಯ್ ಇಳಿದಳು. ಚಿಕ್ಕ ವಯಸ್ಸಿನ ಹೆಂಗಸು, ನಗು ದುಬಾರಿ. ಕಲ್ಪಾಕಿನ ಮೇಲಿನ ಹೆಲ್ಮೆಟ್ಟುಗಳನ್ನು ನೋಡಿ ಅವಳ ಹುಬ್ಬು ಮೇಲೇರಿತು. ಕಾಳಿನ ಹೆಲ್ಮೆಟ್ಟಿಗೆ ತಲೆ ಹಾಕಿದ್ದ ಹುಂಜವನ್ನು ನೋಡಿ ಇನ್ನೂ ಮೇಲೇರಿತು. ಕಾಲ್ಚೊರೊ ಶಾರ್ಶೆನ್‌ನ ಕಿವಿಯಲ್ಲಿ, “ಬೇಸಿಗೆ ಇಲ್ಲೇ ಕಳೀರಿ ಬೈಕೆ,” ಎಂದ.

“ಬೆಂಕಿ ಬಿದ್ರೆ ಏನು ಮಾಡ್ತೀರಿ? ಜನ ಹೊರಗೆ ಬರೋದು ಹೇಗೆ? ತಾಲೀಮು ಮಾಡಿಸಿದೀರಾ?” ಎಂದಳು ಬೆಗಿಮಾಯ್.

ಶಾರ್ಶೆನ್ ಬಾಯಿ ತೆರೆದ. ಕೊಟ್ಟಿಗೆಯಿಂದ ಹೊಗೆ ಬಂತು.

ಸಾಯ್ರಕಾನಜ್ಜಿ ಕಬ್ಬಿಣದ ಬಾಣಲೆಯಲ್ಲಿ ಕೆಂಡ ತುಂಬಿ, ಅರ್ಚಾ ಮರದ ಹಸಿ ಸೊಪ್ಪು ಹಾಕಿ, ಒಂದೊಂದು ಹಲಗೆಗೂ ಹೊಗೆ ತೋರಿಸುತ್ತ ಕೆಟ್ಟ ದೃಷ್ಟಿ ತೆಗೆಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿಯುವುದೇ ತಡ, ಮುಕಾಯ್ ಟ್ರ್ಯಾಕ್ಟರಿನ ಅಡಿಯಿಂದ ಉರುಳಿ ಬಂದ. ಮೇವು ಕತ್ತರಿಸುವವನು ಯಂತ್ರ ನಿಲ್ಲಿಸಿ ಬಂದ. ಅಟ್ಟದ ಮೇಲಿದ್ದವರು ಏಣಿಯಿಂದ ಒಬ್ಬೊಬ್ಬರಾಗಿ ಇಳಿದರು. ಹಸುಗಳ ಬಳಿಯಿದ್ದ ಹೆಂಗಸರು ಕ್ಯಾನು ಬದಿಗಿಟ್ಟು ಸಾಲಾಗಿ ನಡೆದರು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಫಾರ್ಮಿಗೆ ಫಾರ್ಮೇ ಅಂಗಳದ ನಡುವೆ ಶಿಸ್ತಾಗಿ ನಿಂತಿತ್ತು. ಅಜ್ಜಿ ಹೊಗೆ ಹಾಕಿದಳೆಂದರೆ ಹಿಂದೆಯೇ ಹಿಟ್ಟಿನ ತುಂಡುಗಳ ಬಿಸಿಬಿಸಿ ಬೊರ್ಸೊಕ್ ಕರಿದು ಹಂಚುತ್ತಾಳೆಂದೂ, ತಡವಾಗಿ ಬಂದವರಿಗೆ ಬರೀ ಎಣ್ಣೆ ವಾಸನೆಯೆಂದೂ ಅವರಿಗೆಲ್ಲ ಗೊತ್ತಿತ್ತು.

ಬೆಗಿಮಾಯ್‌ಗೆ ಗೊತ್ತಿರಲಿಲ್ಲ. ಅವಳು ಮೊದಲ ಸಲ ನಕ್ಕಳು.

“ನಿಜವಾದ ಹೊಗೆ ಹಾಕಿ ತಾಲೀಮು ಮಾಡಿಸಿದವರನ್ನ ಇವತ್ತೇ ನೋಡಿದ್ದು. ಒಬ್ರೂ ತಳ್ಳಾಡಲಿಲ್ಲ. ಹೆಲ್ಮೆಟ್ಟಿನ ಮಾತು ಆಮೇಲೆ ನೋಡೋಣ. ಫಾರ್ಮು ಸರಿಯಿದೆ.”

ಶಾರ್ಶೆನ್‌ಗೆ ಆಗಲೇ ಬೆಟ್ಟದ ಗಾಳಿ ಕೆನ್ನೆಗೆ ತಾಗಿತು. ಅಜ್ಜಿ ಕರಿದು ಕೊಟ್ಟ ಬೊರ್ಸೊಕ್ ಬಾಯಿಗಿಟ್ಟುಕೊಂಡು, ನಾಳೆ ಕುದುರೆ ಮಂದೆಯ ಜೊತೆ ಜಾಯ್ಲೊಗೆ ಹೊರಡುವುದಾಗಿ ಬೆಗಿಮಾಯ್‌ಗೆ ಹೇಳಿದ.

“ಇಂಥವರು ಕುದುರೆ ಹಿಂದೆ ಹೋದ್ರೆ ವ್ಯರ್ಥ,” ಎಂದು ಅವಳು ಕಾಲ್ಚೊರೊನ ಕಡೆ ತಿರುಗಿದಳು. “ಕಣಿವೆಯ ಎಲ್ಲ ಫಾರ್ಮಿಗೂ ಹೋಗಿ ಇದನ್ನ ಕಲಿಸ್ಲಿ. ಬೇಸಿಗೆ ಪೂರ್ತಿ ಕಳಿಸಿಕೊಡಿ.”

“ಅಯ್ಯೋ, ನಮ್ಮ ಭಾಗ್ಯ,” ಎಂದ ಕಾಲ್ಚೊರೊ.

“ಅಮ್ಮಾ, ಅದು ತಾಲೀಮಲ್ಲ. ಅಜ್ಜಿ ದೃಷ್ಟಿ ತೆಗೆದಿದ್ದು,” ಎಂದ ಶಾರ್ಶೆನ್.

“ಜನಕ್ಕೆ ತಿಳಿಯೋ ಹಾಗೆ ಹೆಸರಿಟ್ಟಿದೀರಿ ಬೈಕೆ. ಅಲ್ಲೂ ಹಾಗೇ ಹೇಳಿ.”

ಇನ್ನುಳಿದದ್ದು ಒಂದೇ ದಾರಿ. ಅಜ್ಜಿಯನ್ನೂ ಜೊತೆಗೆ ಕರೆದೊಯ್ಯುವುದು. ಅವಳ ಬೊರ್ಸೊಕ್ ಇಲ್ಲದೆ ಬರೀ ಹೊಗೆಗೆ ಯಾವ ಊರಿನವನು ಹೊರಗೆ ಬಂದಾನು? ಸಂಜೆ ಅವಳನ್ನು ಹುಡುಕುತ್ತ ಕುಂಟುತ್ತಲೇ ಲಾಯದ ಕಡೆ ಓಡಿದ. ಅಜ್ಜಿ ಅವನ ಬೂದು ಕುದುರೆಗೆ ಜೀನು ಬಿಗಿದು ನೋಡುತ್ತಿದ್ದಳು.

“ಮಂದೆ ಜೊತೆ ಒಬ್ರು ಕಮ್ಮಿ ಬಿದ್ರಂತೆ. ಕಾಲ್ಚೊರೊ ನನ್ನ ಕಳಿಸ್ತಿದಾನೆ,” ಎಂದಳು. “ನೀನು ದೊಡ್ಡ ಮನುಷ್ಯ ಆದೆ ಬಿಡು. ಈ ಪಟ್ಟಿ ಸ್ವಲ್ಪ ಹಿಡಿ.”

ಶುಕ್ರವಾರ ಬೆಳಗಿನ ಜಾವ ಕುದುರೆ ಮಂದೆ ಜಾಯ್ಲೊಗೆ ಹೊರಟಿತು. ಬೂದು ಕುದುರೆಯ ಮೇಲೆ ಕೂತು ಸಾಯ್ರಕಾನಜ್ಜಿಯೂ ಹೊರಟಳು, ತನ್ನ ಬಾಣಲೆ ಸಮೇತ.